ಕನ್ನಡಿಯೊಳಗಿನ ಕೊಳ, ಗದ್ದೆಯೊಳಗಿನ ತಗಡು

ಪೂರ್ವ ಬಾಲಿಯ ಲೆಂಪುಯಾಂಗ್ ಬೆಟ್ಟದ ಇಳಿಜಾರಿನಲ್ಲಿ ಒಂದು ದೇವಾಲಯವಿದೆ. ಗೋಪುರವೊಂದನ್ನು ನೆತ್ತಿಯಿಂದ ಬುಡದವರೆಗೆ ಸೀಳಿ ಎರಡು ಹೋಳುಗಳನ್ನು ಅತ್ತಿತ್ತ ಸರಿಸಿಟ್ಟಂತೆ ಅದರ ಬಾಗಿಲು. ಮೋಡವಿಲ್ಲದ ದಿನ ನಡುವಿನ ಸಂದಿಯಲ್ಲಿ ಮೂರು ಸಾವಿರ ಮೀಟರಿಗೂ ಎತ್ತರದ ಆಗುಂಗ್ ಅಗ್ನಿಪರ್ವತ ಕಾಣುತ್ತದೆ. ಬಾಗಿಲ ನಡುವೆ ಒಂದು ಜೋಡಿ, ಅವರ ಕಾಲಡಿಯಲ್ಲಿ ಅಲೆಯಿಲ್ಲದ ಕೊಳ, ಕೊಳದಲ್ಲಿ ಅದೇ ಬಾಗಿಲು, ಅದೇ ಪರ್ವತ, ಅದೇ ಜೋಡಿ ತಲೆಕೆಳಗಾಗಿ. ಬಾಲಿಗೆ ಹೋಗಿಬಂದ ನೆಂಟರಿಷ್ಟರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಈ ಚಿತ್ರವನ್ನು ನೋಡದವರು ಕಡಿಮೆ.

ಅಲ್ಲಿ ಕೊಳವಿಲ್ಲ. ಇರುವುದು ಕಲ್ಲು ಹಾಸಿದ ಅಂಗಳ. ಬಾಗಿಲಿಗೆ ಎದುರಾಗಿ ಸ್ಥಳೀಯನೊಬ್ಬ ಕುಳಿತಿರುತ್ತಾನೆ. ಸರದಿ ಬಂದವರು ಮೊಬೈಲನ್ನು ಅವನ ಕೈಗಿಟ್ಟು ಬಾಗಿಲ ಬಳಿ ಹೋಗುತ್ತಾರೆ. ಅವನು ಒಂದು ಕನ್ನಡಿ ಚೂರನ್ನು ಲೆನ್ಸ್‌ನ ಅಡಿಗೆ ಒತ್ತಿ ಹಿಡಿದು, ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸುತ್ತಾನೆ. ಅಂಗಳ ಮಾಯವಾಗಿ ನೀರು ಬರುತ್ತದೆ. ಒಂದು ಭಂಗಿ, ಇನ್ನೊಂದು ಭಂಗಿ, ಒಂದು ಜಿಗಿತ. ಆಯಿತು, ಮುಂದಿನವರು. ಈ ಒಂದೆರಡು ನಿಮಿಷಕ್ಕಾಗಿ ಅವರು ಗಂಟೆಗಟ್ಟಲೆ ಸಾಲಿನಲ್ಲಿ ಕಾದಿರುತ್ತಾರೆ.

2019ರಲ್ಲಿ ಈ ಕನ್ನಡಿಯ ಗುಟ್ಟು ಸಾಮಾಜಿಕ ಜಾಲತಾಣದಲ್ಲಿ ಬಯಲಾಗಿ ಹಲವು ದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸಾಲು ಮಾತ್ರ ಕರಗಲಿಲ್ಲ. ಮೋಸವೆಂದು ಗೊತ್ತಿದ್ದೂ ನಿಲ್ಲುವವರನ್ನು ಮೋಸಹೋದವರು ಎನ್ನುವುದು ಹೇಗೆ? ಅವರಿಗೆ ಬೇಕಾಗಿದ್ದು ಆ ಚಿತ್ರ, ಅದು ಸಿಕ್ಕಿದೆ. ಲೆಂಪುಯಾಂಗ್‌ನ ಮೇಲಿನ ಗುಡಿ ಅಲ್ಲಿಂದ ಇನ್ನೂ ಸುಮಾರು 1,700 ಮೆಟ್ಟಿಲು ಮೇಲಿದೆ. ಬಿಳಿ ಬಟ್ಟೆಯುಟ್ಟು ತಲೆಯ ಮೇಲೆ ನೈವೇದ್ಯದ ಬುಟ್ಟಿ ಹೊತ್ತ ಬಾಲಿಯ ಹೆಂಗಸರು ಸಾಲಿನ ಪಕ್ಕದಿಂದಲೇ ಹಾದು ಅತ್ತ ಹತ್ತುತ್ತಾರೆ. ಸಾಲಿನಲ್ಲಿರುವ ಹೆಚ್ಚಿನವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಬಾಲಿ ನಮ್ಮ ಕೊಡಗಿಗಿಂತ ದೊಡ್ಡದು, ಹಾಸನ ಜಿಲ್ಲೆಗಿಂತ ಚಿಕ್ಕದು. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 43 ಲಕ್ಷ. ಅವರಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಹಿಂದೂಗಳು. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರೇ 63 ಲಕ್ಷ ದಾಟಿದರು. ಜಕಾರ್ತ, ಸುರಬಾಯಗಳಿಂದ ಬರುವ ದೇಶದೊಳಗಿನವರ ಲೆಕ್ಕ ಬೇರೆ. ವಿದೇಶಿಯರ ಪಟ್ಟಿಯಲ್ಲಿ ಆಸ್ಟ್ರೇಲಿಯದ ನಂತರದ ಸ್ಥಾನ ಭಾರತದ್ದು. ಅದೇ ವರ್ಷದ ಮಾರ್ಚ್ ಕೊನೆಗೆ ಇಂಡಿಗೋ ಬೆಂಗಳೂರಿನಿಂದ ಬಾಲಿಯ ರಾಜಧಾನಿ ದೆನ್‌ಪಸಾರ್‌ಗೆ ನೇರ ವಿಮಾನ ಆರಂಭಿಸಿತು. ಮಧುಚಂದ್ರಕ್ಕೆ ಊಟಿ, ಕೊಡಗು ಎನ್ನುತ್ತಿದ್ದ ಮನೆಗಳಲ್ಲಿ ಈಗ ಬಾಲಿಯ ಮಾತು ಸಲೀಸಾಗಿ ಬರುತ್ತದೆ.

ಹಾಗಾಗಿ ಬಾಲಿಯಲ್ಲಿ ಈಗ ನಡೆಯುತ್ತಿರುವ ಜಗಳ ನಮಗೆ ಪೂರ್ತಿ ಪರರದ್ದಲ್ಲ. ಈ ಜಗಳವನ್ನು ಸುದ್ದಿವಾಹಿನಿಗಳು ಸಾಮಾನ್ಯವಾಗಿ ಹೇಳುವ ರೀತಿ ಒಂದಿದೆ: ವಿದೇಶಿಯರು ಪವಿತ್ರ ಮರದ ಮೇಲೆ ಬೆತ್ತಲೆ ಫೋಟೋ ತೆಗೆಸಿಕೊಂಡರು, ಸರ್ಕಾರ ಅವರನ್ನು ಗಡೀಪಾರು ಮಾಡಿತು, ಹೊಸ ನಿಯಮ ತಂದಿತು. 2022ರಲ್ಲಿ ತಬನಾನ್‌ನ ಹಳೆಯ ಮರವೊಂದರ ಬಳಿ, 2023ರಲ್ಲಿ ಆಗುಂಗ್ ಪರ್ವತದ ಮೇಲೆ ಅಂಥವು ನಡೆದದ್ದು ನಿಜ. ಆದರೆ ಅದು ಹೇಳಲು ಸುಲಭವಾದ ಕಥೆ. ಕೆಟ್ಟ ಪ್ರವಾಸಿ ಯಾರೆಂದು ಗೊತ್ತಾಗಿಬಿಟ್ಟರೆ ಒಳ್ಳೆಯ ಪ್ರವಾಸಿಗೆ ನೆಮ್ಮದಿ. ಸರೋಂಗ್ ಎಂಬ ಪಂಚೆ ಸುತ್ತಿಕೊಂಡು, ಸೊಂಟಕ್ಕೆ ಪಟ್ಟಿ ಕಟ್ಟಿ, ತಗ್ಗಿದ ದನಿಯಲ್ಲಿ ಮಾತಾಡಿ, ಸಭ್ಯವಾಗಿ ಹಸಿರು ಗದ್ದೆಯ ಫೋಟೋ ತೆಗೆದು ಬರುವವರಿಂದಲೂ ಬಾಲಿಗೆ ಒಂದು ತೊಂದರೆಯಿದೆ. ಅದು ಸಭ್ಯತೆಯಿಂದ ಬಗೆಹರಿಯುವಂಥದ್ದಲ್ಲ. ಚಿತ್ರದಿಂದ ಬರುವ ಹಣ ಒಬ್ಬರಿಗೆ, ಚಿತ್ರದೊಳಗಿರುವುದನ್ನು ಉಳಿಸಿಕೊಂಡು ಬರುವ ದುಡಿಮೆ ಇನ್ನೊಬ್ಬರದು.

ಬಾಲಿಗೂ ಕ್ಯಾಮೆರಾಕ್ಕೂ ಇರುವ ನಂಟು ಇನ್‌ಸ್ಟಾಗ್ರಾಮ್‌ನ ಕಾಲದ್ದಲ್ಲ. 1906ರಲ್ಲಿ ಡಚ್ಚರ ಸೇನೆ ದೆನ್‌ಪಸಾರ್‌ನ ಅರಮನೆಯ ಮುಂದೆ ಬಂದಾಗ ರಾಜಪರಿವಾರ ಬಿಳಿಯುಟ್ಟು, ಕಠಾರಿ ಹಿಡಿದು, ಹೆಂಗಸರು ಮಕ್ಕಳ ಸಮೇತ ಗುಂಡಿಗೆ ಎದುರಾಗಿ ನಡೆದು ಸತ್ತಿತು. ಬಾಲಿಯವರು ಅದನ್ನು ಪುಪುತಾನ್ ಎನ್ನುತ್ತಾರೆ. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿ ಮತ್ತೊಮ್ಮೆ ಅದೇ ಆಯಿತು, ದ್ವೀಪ ಪೂರ್ತಿಯಾಗಿ ಡಚ್ಚರ ಕೈಸೇರಿತು. ನಾಲ್ಕೇ ವರ್ಷಗಳ ನಂತರ, 1912ರಲ್ಲಿ, ಡಚ್ಚರ ನೌಕರಿಯಲ್ಲಿದ್ದ ಗ್ರೆಗರ್ ಕ್ರೌಸೆ ಎಂಬ ಜರ್ಮನ್ ವೈದ್ಯ ಬಾಲಿಯ ಬಾಂಗ್ಲಿ ಎಂಬಲ್ಲಿಗೆ ಬಂದ. ಸುಮಾರು 4,000 ಚಿತ್ರ ತೆಗೆದ: ಜಳಕ, ಸಂತೆ, ಶವಸಂಸ್ಕಾರ, ಮೇಲುಡುಪಿಲ್ಲದೆ ನೀರು ಹೊರುವ ಹೆಂಗಸರು. ಅವುಗಳಲ್ಲಿ ಕೆಲವು 1920ರಲ್ಲಿ ಜರ್ಮನಿಯಲ್ಲಿ ಪುಸ್ತಕವಾಗಿ ಬಂದವು. ಮಹಾಯುದ್ಧದಲ್ಲಿ ಬೆಂದಿದ್ದ ಯುರೋಪಿಗೆ ಸ್ವರ್ಗವೊಂದು ಬೇಕಿತ್ತು, ಸಿಕ್ಕಿತು. ಆ ಸ್ವರ್ಗದ ಚಿತ್ರದಲ್ಲಿ ಪುಪುತಾನ್ ಇರಲಿಲ್ಲ. 1928ರಲ್ಲಿ ಡಚ್ ಹಡಗು ಕಂಪನಿ ಪ್ರವಾಸಿಗರಿಗಾಗಿ ದೆನ್‌ಪಸಾರ್‌ನಲ್ಲಿ ಹೋಟೆಲ್ ಕಟ್ಟಿತು, ರಾಜಪರಿವಾರ ಸತ್ತು ಬಿದ್ದಿದ್ದ ಜಾಗದ ಪಕ್ಕದಲ್ಲೇ.

ಬಾಲಿಯವರು ಇದನ್ನೆಲ್ಲ ಸುಮ್ಮನೆ ನೋಡುತ್ತ ಕುಳಿತಿರಲಿಲ್ಲ ಎನ್ನುವುದು ಈ ಕಥೆಯಲ್ಲಿ ನನಗೆ ಹಿಡಿಸುವ ಭಾಗ. ಕೆಚಕ್ ನೃತ್ಯವನ್ನೇ ನೋಡಿ. ಸಂಜೆ ಉಲುವಾತು ದೇವಾಲಯದ ಕಡಲ ಬಂಡೆಯ ಮೇಲೆ ಹತ್ತಾರು ಗಂಡಸರು ಸುತ್ತುಗಟ್ಟಿ ಕುಳಿತು ‘ಚಕ್ ಚಕ್ ಚಕ್’ ಎಂದು ಉಸಿರಿನಲ್ಲೇ ತಾಳ ಹಾಕುತ್ತಾರೆ. ನಡುವೆ ಸೀತೆ, ರಾವಣ, ಬೆಂಕಿಗೆ ಸಿಕ್ಕ ಹನುಮಂತ. ಸಾವಿರಾರು ವರ್ಷಗಳದ್ದೆಂದು ಎಣಿಸಿ ಪ್ರವಾಸಿಗರು ಮೈಮರೆಯುತ್ತಾರೆ. ಅದು ಈ ರೂಪ ತಾಳಿದ್ದು 1930ರ ದಶಕದಲ್ಲಿ. ಸಾಂಗ್‌ಹ್ಯಾಂಗ್ ಎಂಬ ಆವೇಶದ ಆಚರಣೆಯಲ್ಲಿದ್ದ ಗಂಡಸರ ಗಾನವನ್ನು ತೆಗೆದು ರಾಮಾಯಣಕ್ಕೆ ಜೋಡಿಸಿದವರಲ್ಲಿ ವಾಯಾನ್ ಲಿಂಬಾಕ್ ಎಂಬ ಬಾಲಿಯ ನರ್ತಕನೂ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನೂ ಮುಖ್ಯರು. ನೋಡುಗರಿಗೆಂದೇ ಕಟ್ಟಿದ ಆಟ ಅದು. ಹಾಗೆಂದು ಅದನ್ನು ನಕಲಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತೊಂಬತ್ತು ವರ್ಷಗಳಿಂದ ಊರಿನವರೇ ಹಾಡಿಕೊಂಡು ಬಂದದ್ದು ಊರಿನದ್ದೇ ಆಗಿಬಿಡುತ್ತದೆ.

ಎಲ್ಲಿಯವರೆಗೆ ತೋರಿಸಬಹುದು, ಎಲ್ಲಿ ತೆರೆ ಎಳೆಯಬೇಕು ಎನ್ನುವ ಪ್ರಶ್ನೆ 1971ರಷ್ಟು ಹಿಂದೆಯೇ ಎದ್ದಿತ್ತು. ಆ ವರ್ಷ ದೆನ್‌ಪಸಾರ್‌ನಲ್ಲಿ ಪಂಡಿತರೂ ಕಲಾವಿದರೂ ಅಧಿಕಾರಿಗಳೂ ಸೇರಿ ನೃತ್ಯಗಳನ್ನು ಮೂರಾಗಿ ವಿಂಗಡಿಸಿದರು. ಒಳಾಂಗಣದಲ್ಲಿ ದೇವರಿಗಾಗಿ ಮಾತ್ರ ನಡೆಯುವುದು ವಾಲಿ, ನಡು ಅಂಗಳದಲ್ಲಿ ಉತ್ಸವದ ಭಾಗವಾಗಿ ನಡೆಯುವುದು ಬೆಬಾಲಿ, ಹೊರಗೆ ಜನರ ನೋಟಕ್ಕೆ ಬಾಲಿಹ್-ಬಾಲಿಹಾನ್. ಯುನೆಸ್ಕೋ 2015ರಲ್ಲಿ ಬಾಲಿಯ ನೃತ್ಯಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದ್ದೂ ಇದೇ ಮೂರು ಹೆಸರುಗಳಡಿಯಲ್ಲಿ. ಗೆರೆ ಎಳೆದಷ್ಟು ಸುಲಭವಾಗಿ ಅದು ಉಳಿಯಲಿಲ್ಲ, ಆಗಾಗ ಒರೆಸಿಹೋಯಿತು. ಆದರೂ ಗೆರೆ ಎಳೆದವರು ಅವರೇ ಎನ್ನುವುದು ಮುಖ್ಯ. ಕೋಲ ಕಟ್ಟುವುದನ್ನು ವೇದಿಕೆಯ ಮೇಲೂ ರೀಲ್ಸ್‌ನಲ್ಲೂ ತರಬಹುದೇ ಎಂದು ಈಚೆಗೆ ವಾದ ಮಾಡುತ್ತಿರುವ ನಮ್ಮ ಕರಾವಳಿಯವರಿಗೆ ಈ ಪ್ರಶ್ನೆಯ ಬಿಸಿ ಬಿಡಿಸಿ ಹೇಳಬೇಕಿಲ್ಲ.

ದೇವಾಲಯದ ನಿಯಮಗಳೂ ಇದೇ ಗೆರೆಯ ಮುಂದುವರಿಕೆ. ರಾಜ್ಯಪಾಲ ವಾಯಾನ್ ಕೊಸ್ಟರ್ 2023ರಲ್ಲಿ ಪ್ರವಾಸಿಗರಿಗಾಗಿ ಸುತ್ತೋಲೆ ಹೊರಡಿಸಿದರು, 2025ರ ಮಾರ್ಚ್‌ನಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಬಾಲಿಯ ಗುಡಿಗೆ ಸಾಮಾನ್ಯವಾಗಿ ಮೂರು ಅಂಗಳ. ಹೊರಗಿನಿಂದ ಒಳಕ್ಕೆ ನಿಸ್ತ, ಮದ್ಯ, ಉತಮ ಮಂಡಲಗಳು. ನಮ್ಮ ಮಧ್ಯಮ, ಉತ್ತಮಗಳೇ ಉಚ್ಚಾರ ಬದಲಿಸಿಕೊಂಡು ಕುಳಿತಿವೆ. ಸುತ್ತೋಲೆಯ ಪ್ರಕಾರ ಒಳಗಿನ ಎರಡು ಮಂಡಲಗಳಿಗೆ ಪ್ರವೇಶ ಬಾಲಿಯ ಉಡುಪಿನಲ್ಲಿ ಪೂಜೆಗೆ ಬಂದವರಿಗೆ ಮಾತ್ರ. ಮುಟ್ಟಾದವರಿಗೆ ಪ್ರವೇಶವಿಲ್ಲ. ಚುಂತಕ ಎಂಬ ಅವರ ಮಾತಿನಲ್ಲಿ ನಮ್ಮ ಸೂತಕ, ಮೈಲಿಗೆಗಳೆರಡೂ ಸೇರಿವೆ; ಅದರ ಬಗ್ಗೆ ಇಲ್ಲಿರುವಷ್ಟೇ ತಕರಾರು ಅಲ್ಲಿಯೂ ಇರಬಹುದಾದದ್ದು.

ಇಲ್ಲಿ ಭಾರತದಿಂದ ಹೋದವರಿಗೆ ಒಂದು ಮುನಿಸು. ನಾವೂ ಹಿಂದೂಗಳೇ, ನಮಗೇಕೆ ತಡೆ? ನಿಯಮ ಜಾತಕ ಕೇಳುತ್ತಿಲ್ಲ, ಬಂದ ಕೆಲಸ ಯಾವುದೆಂದು ಕೇಳುತ್ತಿದೆ. ಪೂಜೆಗೆ ಬಂದಿದ್ದರೆ ಉಟ್ಟು ಬನ್ನಿ, ಕುಳಿತುಕೊಳ್ಳಿ, ತೀರ್ಥ ತೆಗೆದುಕೊಳ್ಳಿ. ಫೋಟೋಗೆ ಬಂದಿದ್ದರೆ ಹೊರಗಿನ ಅಂಗಳ ಸಾಕು. ನಮ್ಮ ಎಷ್ಟೋ ದೇವಸ್ಥಾನಗಳ ಬಾಗಿಲಲ್ಲಿ ಮೊಬೈಲನ್ನು ಬುಟ್ಟಿಗೆ ಹಾಕಿ ಚೀಟಿ ಪಡೆಯುವವರಿಗೆ ಇದು ಹೊಸತಾಗಬಾರದು. ಇನ್ನೊಂದು ನಿರಾಸೆಯೂ ಇದೆ: ಅಲ್ಲಿ ಗರ್ಭಗುಡಿಯಿಲ್ಲ, ನೋಡಲು ಮೂರ್ತಿಯಿಲ್ಲ. ತೆರೆದ ಆಕಾಶದಡಿ ಪದ್ಮಾಸನ ಎಂಬ ಖಾಲಿ ಪೀಠ. 210 ದಿನಗಳ ಅವರ ವರ್ಷಕ್ಕೊಮ್ಮೆ ಓದಲಾನ್ ಉತ್ಸವದಲ್ಲಿ ದೇವರು ಇಳಿದು ಬರುತ್ತಾನೆ, ಮುಗಿದ ಮೇಲೆ ಹೋಗುತ್ತಾನೆ. ಉಳಿದ ದಿನ ಹೋದ ಛಾಯಾಗ್ರಾಹಕನಿಗೆ ಸಿಗುವುದು ಯಜಮಾನ ಊರಲ್ಲಿಲ್ಲದ ಮನೆ.

ಊರಿನ ಅಧಿಕಾರ ಎಷ್ಟು ಗಟ್ಟಿ ಎನ್ನುವುದಕ್ಕೆ ನ್ಯೆಪಿಗಿಂತ ಬೇರೆ ಸಾಕ್ಷಿ ಬೇಡ. 210 ದಿನಗಳ ವರ್ಷದ ಜೊತೆಗೇ ಅವರು ಎಣಿಸುವ ಶಕ ವರ್ಷದ ಮೊದಲ ದಿನ ಅದು. ನಮ್ಮ ಯುಗಾದಿಯ ಶಕವೇ ಅಲ್ಲಿಯೂ ಎಣಿಕೆಯಲ್ಲಿದೆ. ಅಧಿಕಮಾಸದ ಲೆಕ್ಕ ಬೇರೆಯಾದಾಗ ಎರಡೂ ತಿಂಗಳಷ್ಟು ದೂರವಾಗುತ್ತವೆ: 2024ರಲ್ಲಿ ನ್ಯೆಪಿ ಮಾರ್ಚ್ 11ಕ್ಕೆ ಬಂದರೆ ಯುಗಾದಿ ಏಪ್ರಿಲ್ 9ಕ್ಕೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೆ, ಎರಡು ಕಡೆಯೂ ಶಕ 1948. ನಾವು ಬೇವು ಬೆಲ್ಲ ಹಂಚಿ ಒಬ್ಬಟ್ಟು ಬೇಯಿಸುವ ದಿನ ಅವರ ಒಲೆ ಉರಿಯುವುದಿಲ್ಲ. ಬೆಂಕಿಯಿಲ್ಲ, ಕೆಲಸವಿಲ್ಲ, ಓಡಾಟವಿಲ್ಲ, ಮನರಂಜನೆಯಿಲ್ಲ. ಹಿಂದಿನ ರಾತ್ರಿ ಓಗೊಹ್-ಓಗೊಹ್ ಎಂಬ ಭೂತಾಕಾರಗಳನ್ನು ಹೊತ್ತು ಮೆರೆಸುವುದನ್ನು ಸೆರೆಹಿಡಿಯಲು ಬಂದ ಛಾಯಾಗ್ರಾಹಕರು ಮರುದಿನ ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಚೌಕಳಿ ಪಂಚೆಯುಟ್ಟ ಪೆಚಲಾಂಗ್‌ಗಳು, ಅಂದರೆ ಊರ ಕಾವಲುಗಾರರು, ಬೀದಿ ಕಾಯುತ್ತಾರೆ. ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ ಕೂಡ ಬಂದ್. ವರ್ಷಕ್ಕೆ ಅರವತ್ತು ಲಕ್ಷಕ್ಕೂ ಹೆಚ್ಚು ವಿದೇಶಿಯರು ಬರುವ ಜಾಗವೊಂದು ಒಂದು ಇಡೀ ದಿನ ಬಾಗಿಲು ಹಾಕಿಕೊಳ್ಳುತ್ತದೆ, ಯಾರೂ ಚಕಾರವೆತ್ತುವುದಿಲ್ಲ. ದ್ವೀಪದ ಸುಮಾರು 1,500 ‘ದೇಸ ಅದಾತ್’ಗಳ, ಅಂದರೆ ಸಂಪ್ರದಾಯದ ಗ್ರಾಮಸಭೆಗಳ, ಮಾತಿಗೆ ಅಷ್ಟು ತೂಕವಿದೆ.

ಇಷ್ಟು ತೂಕದ ಮಾತು ಗದ್ದೆಯ ಬದುವಿನಲ್ಲಿ ಬಂದು ನಿಂತುಬಿಡುತ್ತದೆ.

ಬಾಲಿಯ ಮೆಟ್ಟಿಲು ಗದ್ದೆಗಳ ಫೋಟೋದಲ್ಲಿ ಕಾಣುವುದು ಹಸಿರು ಮತ್ತು ತಿರುವು. ಕಾಣದಿರುವುದು ನೀರಿನ ಸರದಿ. ಬೆಟ್ಟದ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಯವರೆಗೆ ಒಂದೇ ತೊರೆಯ ನೀರನ್ನು ಹಂಚಿಕೊಳ್ಳುವ ರೈತರ ಕೂಟಕ್ಕೆ ಸುಬಾಕ್ ಎಂದು ಹೆಸರು. ಹನ್ನೊಂದನೆಯ ಶತಮಾನದ ಶಾಸನಗಳಲ್ಲೇ ಅದರ ಪ್ರಸ್ತಾಪವಿದೆ. ಕಾಲುವೆ ಕವಲೊಡೆಯುವಲ್ಲಿ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಅಳತೆಗೆ ಕೊರೆದ ಕಚ್ಚುಗಳು. ಅದಕ್ಕೆ ತೆಂಬುಕು ಎನ್ನುತ್ತಾರೆ. ಯಾವ ಕಡೆಗೆ ಎಷ್ಟು ಗದ್ದೆಯೋ ಅಷ್ಟಗಲದ ಕಚ್ಚು. ನೀರು ಹೆಚ್ಚಿರಲಿ, ಕಡಿಮೆಯಿರಲಿ, ಪಾಲು ಮಾತ್ರ ಬದಲಾಗುವುದಿಲ್ಲ. ಕದಿಯಬೇಕೆಂದರೆ ಎಲ್ಲರ ಕಣ್ಣೆದುರು ಮರ ಕೆತ್ತಬೇಕು. ಇದನ್ನೆಲ್ಲ ನೋಡಿಕೊಳ್ಳುವವನು ಪೆಕಾಸೆಹ್. ನಮ್ಮ ಕೆರೆಯ ನೀರಗಂಟಿಯ ಕೆಲಸಕ್ಕೆ ಊರ ಯಜಮಾನಿಕೆಯನ್ನೂ ಕೂಡಿಸಿದರೆ ಅವನಾಗುತ್ತಾನೆ.

ಕವಲುಗಳ ತಲೆಯಲ್ಲಿ ಒಂದೊಂದು ಗುಡಿ, ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ಉಲುನ್ ದಾನು ದೇವಾಲಯ, ಅಲ್ಲಿ ಸರೋವರದ ದೇವಿ. ಬಾಲಿಯವರು ತಮ್ಮ ಧರ್ಮವನ್ನು ಆಗಮ ತೀರ್ಥ ಎಂದೂ ಕರೆದುಕೊಂಡಿದ್ದಾರೆ. ನೀರಿನ ಸರದಿಯೂ ಹಬ್ಬದ ಸರದಿಯೂ ಅಲ್ಲಿ ಹೆಣೆದುಕೊಂಡಿವೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಅಧಿಕಾರಿಗಳಿಗೆ ಇದು ಮೂಢನಂಬಿಕೆಯಂತೆ ಕಂಡಿತು. ಹೊಸ ತಳಿ ಹಾಕಿ, ಗುಡಿಯ ಪಂಚಾಂಗ ಬಿಡಿ, ಸಾಧ್ಯವಾದಷ್ಟು ಬೆಳೆ ತೆಗೆಯಿರಿ ಎಂದರು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನಾಟಿ ಮಾಡಿದರು. ಕೆಲವೇ ವರ್ಷಗಳಲ್ಲಿ ನೀರಿಗೆ ಹೊಡೆದಾಟ, ಗದ್ದೆಗೆ ಕಂದು ಜಿಗಿಹುಳು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್, ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಇಬ್ಬರೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದಾಗ ಗುಡಿಯ ಪಂಚಾಂಗದ ಜಾಣತನ ಹೊರಬಿತ್ತು. ಸಾಲಾಗಿ ಹಲವು ಸುಬಾಕ್‌ಗಳು ಒಟ್ಟಿಗೆ ನಾಟಿ ಮಾಡಿ, ಒಟ್ಟಿಗೆ ಕೊಯ್ದು, ಒಟ್ಟಿಗೆ ಗದ್ದೆಗೆ ನೀರು ಕಟ್ಟಿ ಬಿಟ್ಟರೆ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ. ತೀರ ಎಲ್ಲರೂ ಒಮ್ಮೆಗೇ ಮಾಡಿದರೆ ನೀರು ಸಾಲದು. ಎರಡರ ನಡುವಿನ ಹದವನ್ನು ಗುಡಿಗಳು ಕಂಡುಕೊಂಡಿದ್ದವು.

2012ರಲ್ಲಿ ಯುನೆಸ್ಕೋ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 19,500 ಹೆಕ್ಟೇರ್, ಜತಿಲುವಿಹ್ ಎಂಬ ಊರಿನ ಮೆಟ್ಟಿಲು ಗದ್ದೆ ಅದರ ಕಣ್ಮಣಿ. ಪ್ರವಾಸಿಗರು ಮುಗಿಬೀಳುವ ತೆಗಲ್ಲಲಾಂಗ್‌ನ ಗದ್ದೆ ಆ ಪಟ್ಟಿಯಲ್ಲಿಲ್ಲ. ಆದರೂ ಉಬುದ್ ಪಟ್ಟಣಕ್ಕೆ ಹತ್ತಿರ ಎಂಬ ಕಾರಣಕ್ಕೆ ಮೊದಲು ಚಿತ್ರವಾಗಿದ್ದು ಅದೇ. ಅಲ್ಲಿ ಈಗ ಗದ್ದೆಯ ಮೇಲೆ ಜೋಕಾಲಿಗಳು ಹಾರುತ್ತವೆ. ಮಾರುದ್ದದ ಸೆರಗು ಗಾಳಿಯಲ್ಲಿ ಬಾವುಟದಂತೆ ಹರಡುವ ನಿಲುವಂಗಿ ಬಾಡಿಗೆಗೆ ಸಿಗುತ್ತದೆ. ಬದುವಿನ ಮೇಲೆ ನಡೆದುಹೋದರೆ ಅಲ್ಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಮುದುಕರು ದಾರಿಗೆ ಕಾಣಿಕೆ ಕೇಳುತ್ತಾರೆ. ಪ್ರವಾಸಿಗರು ಇದನ್ನು ಸುಲಿಗೆ ಎಂದು ಬರೆಯುವುದನ್ನು ಓದಿದ್ದೇನೆ. ಜೋಕಾಲಿಯ ಯಜಮಾನನಿಗೆ ನಗುನಗುತ್ತ ಸಾವಿರಗಟ್ಟಲೆ ಕೊಟ್ಟವರಿಗೆ ಗದ್ದೆಯವನ ಡಬ್ಬಿಗೆ ಹಾಕುವ ನೋಟು ಸುಲಿಗೆಯಾಗಿ ಕಾಣುವುದು ವಿಚಿತ್ರ.

ಸುಬಾಕ್‌ಗೆ ನೀರಿನ ಮೇಲೆ ಹಕ್ಕಿದೆ, ನೆಲದ ಮೇಲಿಲ್ಲ. ನೆಲ ಒಬ್ಬೊಬ್ಬರ ಸ್ವಂತದ್ದು, ಮಾರಬಹುದು, ಗುತ್ತಿಗೆಗೆ ಕೊಡಬಹುದು. ವಿದೇಶಿಯರು ಕೊಳ್ಳುವಂತಿಲ್ಲ, ಆದರೆ ಇಪ್ಪತ್ತೈದು ಮೂವತ್ತು ವರ್ಷದ ಗುತ್ತಿಗೆಗೆ ತಡೆಯಿಲ್ಲ. ಭತ್ತ ಬೆಳೆದು ಬರುವ ವರಮಾನವೆಲ್ಲಿ, ‘ಗದ್ದೆಯ ನೋಟವುಳ್ಳ ವಿಲ್ಲಾ’ ತರುವ ಬಾಡಿಗೆಯೆಲ್ಲಿ. ವಿಲ್ಲಾದ ಕಿಟಕಿಯಿಂದ ಗದ್ದೆ ಕಾಣಬೇಕೆಂದರೆ ಇನ್ನೊಬ್ಬ ಗದ್ದೆ ಮಾರದೆ ಉಳಿಯಬೇಕು. ಹಾಗೆ ಉಳಿದವನ ಮೇಲ್ಗಡೆ ಕಟ್ಟಡವೆದ್ದು ಕಾಲುವೆ ಮುಚ್ಚಿದರೆ ಅವನ ಕಚ್ಚಿಗೆ ನೀರು ಬಾರದು, ಅವನೂ ಮಾರುತ್ತಾನೆ.

2025ರ ಸೆಪ್ಟೆಂಬರ್‌ನಲ್ಲಿ ಸುರಿದ ಮಳೆಗೆ ದೆನ್‌ಪಸಾರ್ ಮತ್ತು ಸುತ್ತಲಿನ ಜಿಲ್ಲೆಗಳು ಮುಳುಗಿ ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು. ನೀರು ಇಂಗುತ್ತಿದ್ದ ಗದ್ದೆಗಳ ಮೇಲೆ ಕಾಂಕ್ರೀಟು ಬಿದ್ದ ಮಾತು ಎಲ್ಲರ ಬಾಯಲ್ಲೂ ಬಂತು. ಕೃಷಿಭೂಮಿಯಲ್ಲಿ ಹೋಟೆಲ್, ರೆಸ್ಟೋರೆಂಟ್‌ಗಳಿಗೆ ಇನ್ನು ಅನುಮತಿಯಿಲ್ಲ ಎಂದು ಸರ್ಕಾರ ಘೋಷಿಸಿತು. ನವೆಂಬರ್‌ನಲ್ಲಿ ನುಸ ಪೆನಿದ ದ್ವೀಪದ ಕೆಲಿಂಗ್‌ಕಿಂಗ್ ಬಂಡೆಗೆ ಅಂಟಿಸಿ ಕಟ್ಟುತ್ತಿದ್ದ 182 ಮೀಟರ್ ಎತ್ತರದ ಗಾಜಿನ ಲಿಫ್ಟನ್ನು ಕೆಡವಲು ಆದೇಶ ಹೊರಟಿತು. ಆ ಬಂಡೆಯ ಫೋಟೋಗೆಂದೇ ಜನ ದೋಣಿ ಹತ್ತಿ ಬರುತ್ತಾರೆ, ಬಂದವರನ್ನು ಕೆಳಗಿಳಿಸಲು ಬಂಡೆಯ ಮುಖಕ್ಕೇ ಲಿಫ್ಟು. ಇಷ್ಟು ಎತ್ತರಕ್ಕೆ ಅದು ಏಳುವವರೆಗೆ ಯಾರ ಕಣ್ಣಿಗೂ ಬೀಳಲಿಲ್ಲವೇ ಎಂಬ ಪ್ರಶ್ನೆಗೆ ನನ್ನಲ್ಲಿ ಸಭ್ಯ ಉತ್ತರವಿಲ್ಲ.

ಪ್ರವಾಸಿಗರನ್ನೇ ತಡೆಯಿರಿ ಎನ್ನುವವರು ಕೋವಿಡ್ ಕಾಲವನ್ನು ನೆನೆಯಬೇಕು. 2021ರಲ್ಲಿ ಬಾಲಿಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಐವತ್ತರ ಆಸುಪಾಸು. ಸಾವಿರವಲ್ಲ, ಬರೀ ಐವತ್ತು. ಅದರ ಹಿಂದಿನ ವರ್ಷ ದ್ವೀಪದ ಆರ್ಥಿಕತೆ ಶೇಕಡ 9ಕ್ಕೂ ಹೆಚ್ಚು ಕುಗ್ಗಿತ್ತು. ಹೋಟೆಲಿನ ಕೆಲಸ ಕಳೆದುಕೊಂಡವರು ಊರಿಗೆ ಮರಳಿ ಅಪ್ಪನ ಗದ್ದೆಗೆ ಇಳಿದರು, ಗದ್ದೆ ಉಳಿದಿದ್ದವರು. 2024ರ ಫೆಬ್ರುವರಿ 14ರಿಂದ ಪ್ರತಿ ವಿದೇಶಿಯನಿಂದ 1,50,000 ರುಪಿಯಾ, ನಮ್ಮ ಸುಮಾರು 800 ರೂಪಾಯಿ, ಸುಂಕ ವಸೂಲಿ ಆರಂಭವಾಯಿತು. ಸಂಸ್ಕೃತಿ, ಪರಿಸರ ರಕ್ಷಣೆಗೆ ಎಂದು ಅದರ ಹೆಸರು. ಮೊದಲ ವರ್ಷ ಕಟ್ಟಿದವರು ಮೂವರಲ್ಲಿ ಒಬ್ಬರಷ್ಟೇ.

ಡಿಸೆಂಬರ್ 2025ರಲ್ಲಿ ಜತಿಲುವಿಹ್‌ನಲ್ಲಿ ಜಗಳ ಗದ್ದೆಗೇ ಇಳಿಯಿತು. ಪ್ರಾಂತ್ಯದ ಶಾಸನಸಭೆಯ ಸಮಿತಿಯೊಂದು ಬಂದು, ಪರಂಪರೆಯ ಭೂಮಿಯಲ್ಲಿ ನಿಯಮ ಮೀರಿ ಕಟ್ಟಿದ್ದಾರೆಂದು ಹಲವು ಊಟದ ಮನೆಗಳಿಗೆ ಬೀಗಮುದ್ರೆ ಹಾಕಿತು. ಅವುಗಳಲ್ಲಿ ಊರಿನವರವೂ ಇದ್ದವು. ಕಾನೂನು ಸಮಿತಿಯ ಕಡೆಗಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಗದ್ದೆಗಳನ್ನು ಇಷ್ಟು ಕಾಲ ಉತ್ತು, ಬದು ಕಟ್ಟಿ, ಜಗತ್ತಿಗೆ ನೋಟ ಒದಗಿಸಿದವರು, ಆ ನೋಟದ ಅಂಚಿನಲ್ಲಿ ನಾಲ್ಕು ಕುರ್ಚಿ ಹಾಕಿ ಅನ್ನ, ಕಾಫಿ ಮಾರಿದರೆ ಅಪರಾಧವೇ ಎಂದು ಊರಿನವರು ಕೇಳಿದರು. ಮೆರವಣಿಗೆ ಹೊರಡಲಿಲ್ಲ, ಘೋಷಣೆ ಕೂಗಲಿಲ್ಲ. ಸೂರಿಗೆ ಹೊದಿಸುವ ತಗಡುಗಳನ್ನು ತಂದು ಗದ್ದೆಯ ನಡುವೆ, ಮೆಟ್ಟಿಲು ಮೆಟ್ಟಿಲಿಗೆ, ಸಾಲಾಗಿ ನೆಟ್ಟರು.

ಬೇಲಿಯೂ ಅಲ್ಲ, ಬೆಳೆಗೆ ನೆರಳೂ ಅಲ್ಲ. ಟಿಕೆಟ್ ಕೊಂಡು ಒಳಬಂದವರು ಮೊಬೈಲ್ ಎತ್ತಿದರೆ ಹಸಿರಿನ ನಟ್ಟನಡುವೆ ಬಿಸಿಲಿಗೆ ಹೊಳೆಯುವ ತಗಡು ಕಣ್ಣು ಕುಕ್ಕುತ್ತಿತ್ತು. ಯಾವ ಕೋನದಿಂದ ಹಿಡಿದರೂ ಅದನ್ನು ಬಿಟ್ಟು ಚಿತ್ರ ಸಿಗುತ್ತಿರಲಿಲ್ಲ.